‘ಡಿಸಿಸಿ ಅಳವಡಿಸಿದ’ ಹಳೆಯ ರೈಲು ಎಂಜಿನ್ ಮಾದರಿ ಕೊಳ್ಳುವವರೇ, ಮೊದಲು ಮೋಟಾರಿನ ಅಡಿಭಾಗ ನೋಡಿ

ಹಳೆಯ ಎಚ್‌ಒ (1:87 ಅಳತೆಯ) ಎಂಜಿನ್ ಮಾದರಿಗೆ ಡಿಕೋಡರ್ ಕೂರಿಸಿ (ಡಿಸಿಸಿ ಎಂದರೆ ಹಳಿಯ ಮೂಲಕವೇ ಡಿಜಿಟಲ್ ಆಜ್ಞೆ ಕಳುಹಿಸುವ ಪದ್ಧತಿ, ಆ ಆಜ್ಞೆ ಓದಿ ಮೋಟಾರ್ ನಡೆಸುವ ಪುಟ್ಟ ಸರ್ಕ್ಯೂಟೇ ಡಿಕೋಡರ್), ‘ಡಿಸಿಸಿ ಅಳವಡಿಸಿದೆ, ಪರೀಕ್ಷಿಸಿದೆ’ ಎಂದು ಯಾರಾದರೂ ಮಾರಲು ಬಂದರೆ, ಮೋಟಾರನ್ನು ಎತ್ತಿ ಅದರ ಅಡಿಭಾಗದ ಚಿತ್ರ ಕಳುಹಿಸುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಓಡುವ ವಿಡಿಯೊ ಸಾಲದು. ಮಲ್ಟಿಮೀಟರ್ ಪರೀಕ್ಷೆಯೂ ಸಾಲದು. ಇವೆರಡನ್ನೂ ನೋಡಿ ಕೊಂಡ ಎಂಜಿನ್ ನನ್ನ ಕೈಯಲ್ಲೇ ಸುಟ್ಟಿದೆ.

ಹುಬ್ಬಳ್ಳಿ ಡೀಸೆಲ್ ಷೆಡ್ಡಿನ ಡಬ್ಲ್ಯುಡಿಜಿ-4 ಗೂಡ್ಸ್ ಎಂಜಿನ್ನಿನ ಮಾದರಿ ಕಟ್ಟಬೇಕೆಂಬುದು ನನ್ನ ಬಹುಕಾಲದ ಆಸೆ. ನಮ್ಮ 1676 ಮಿ.ಮೀ. ಬ್ರಾಡ್ ಗೇಜನ್ನು 1:87ಕ್ಕೆ ಇಳಿಸಿದರೆ 19 ಮಿ.ಮೀ.ಗಿಂತ ತುಸು ಹೆಚ್ಚಾಗುತ್ತದೆ. ಎಚ್‌ಒ ಹಳಿಯ ಅಗಲ 16.5 ಮಿ.ಮೀ. ಈ ವ್ಯತ್ಯಾಸವನ್ನು ಸಹಿಸಿಕೊಂಡರೆ ಅಮೆರಿಕದ ಆರು ಅಚ್ಚಿನ ಷಾಸಿಯ ಮೇಲೆ ನಮ್ಮ ಎಂಜಿನ್ನಿನ ಒಡಲನ್ನು ಕೂರಿಸಬಹುದು. ಡಬ್ಲ್ಯುಡಿಜಿ-4 ಮೂಲತಃ ಅಮೆರಿಕದ ಎಂಜಿನ್ ತಯಾರಕ ಇಎಂಡಿಯ ವಿನ್ಯಾಸವೇ ಆದ್ದರಿಂದ, ಅದೇ ಇಎಂಡಿಯ ಎಸ್‌ಡಿ40-2 ಎಂಜಿನ್ನಿಗೆ ಮಾದರಿ ತಯಾರಕ ಅಥರ್ನ್ ಕಂಪನಿ ಮಾಡಿದ ಹಳೆಯ ಷಾಸಿಯನ್ನು ಆರಿಸಿಕೊಂಡೆ. ಒಡಲನ್ನು ಸ್ಟೈರೀನ್ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ನಾನೇ ಕಟ್ಟಿದ್ದೆ. ರೇಡಿಯೇಟರಿನ ಜಾಲರಿ, ಚಾವಣಿಯ ಫ್ಯಾನ್‌ಗಳು, ಹಿತ್ತಾಳೆ ತಂತಿ ಬಗ್ಗಿಸಿ ಮಾಡಿದ ಕೈಹಿಡಿಗಳು, ಎಲ್ಲವೂ ಕೈಕೆಲಸ. ಷಾಸಿಯನ್ನು ಮಾತ್ರ ಹಳೆಯ ಮಾದರಿಗಳನ್ನು ಡಿಸಿಸಿಗೆ ಪರಿವರ್ತಿಸಿ ಮಾರುವ ವ್ಯಾಪಾರಿಯೊಬ್ಬನಿಂದ ಕೊಂಡೆ.

ಆ ಷಾಸಿಯ ರಚನೆಯನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಅಪಾಯ ಇರುವುದೇ ಅಲ್ಲಿ. ಒಂದು ಹಳಿಯ ವಿದ್ಯುತ್ತು ಬೋಗಿಗಳ (ಗಾಲಿಗಳನ್ನು ಹಿಡಿದಿರುವ ಚೌಕಟ್ಟುಗಳ) ಮೂಲಕ ನೇರವಾಗಿ ಲೋಹದ ಷಾಸಿಗೇ ಹರಿಯುತ್ತದೆ. ಮೋಟಾರಿಗೆ ವಿದ್ಯುತ್ತು ಕೊಡುವ ಕೆಳಗಿನ ಬ್ರಷ್ಷನ್ನು ಹಿಡಿದಿರುವ ತಗಡಿನ ಕ್ಲಿಪ್ಪಿಗೆ ಎರಡು ಪುಟ್ಟ ಮೊನೆಗಳಿದ್ದು, ಅವು ಷಾಸಿಯನ್ನು ಒತ್ತಿ ವಿದ್ಯುತ್ತು ಪಡೆಯುತ್ತವೆ. ಹಳಿಯ ವೋಲ್ಟೇಜಿನಿಂದಲೇ ಎಂಜಿನ್ ನಡೆಸುವ ಹಳೆಯ ಡಿಸಿ ಪದ್ಧತಿಗೆ ಇದು ಸೊಗಸಾದ ಉಪಾಯ. ಡಿಸಿಸಿಯಲ್ಲಿ ಹೀಗಿರುವಂತಿಲ್ಲ. ಹಳಿಯ ವಿದ್ಯುತ್ತು ಕೆಂಪು ಮತ್ತು ಕಪ್ಪು ತಂತಿಗಳಿಂದ ಡಿಕೋಡರಿಗೆ ಹೋಗಬೇಕು. ಅಲ್ಲಿಂದ ಕಿತ್ತಳೆ ಮತ್ತು ಬೂದು ತಂತಿಗಳಿಂದ ಮಾತ್ರ ಮೋಟಾರಿಗೆ ಬರಬೇಕು. ಮೋಟಾರಿನ ಯಾವ ತುದಿಯೂ ಷಾಸಿಗೆ ತಾಗಬಾರದು. ಆದ್ದರಿಂದ ಬಲ್ಲವರು ಆ ಮೊನೆಗಳನ್ನು ಕತ್ತರಿಸಿ ಅರದಿಂದ ಉಜ್ಜುತ್ತಾರೆ, ಕೆಳಗೆ ಶಾಖ ತಡೆಯುವ ಜೇನುಬಣ್ಣದ ಕ್ಯಾಪ್ಟಾನ್ ಟೇಪ್ ಹಾಸುತ್ತಾರೆ.

ಆ ವ್ಯಾಪಾರಿ ಮೊನೆಗಳನ್ನು ಹಾಗೆಯೇ ಬಿಟ್ಟು, ಮನೆಯ ವೈರಿಂಗಿಗೆ ಸುತ್ತುವ ಕಪ್ಪು ಇನ್ಸುಲೇಷನ್ ಟೇಪಿನ ಒಂದು ತುಂಡನ್ನು ಅಡಿಗೆ ಅಂಟಿಸಿದ್ದ. ಎಂಜಿನ್ ಕೈಗೆ ಬಂದಾಗ ನಾನು ಮೀಟರ್ ಇಟ್ಟು ನೋಡಿದೆ, ಮೋಟಾರ್ ಷಾಸಿಗೆ ತಾಗಿದ್ದರೆ ಬರಬೇಕಾದ ಬೀಪ್ ಸದ್ದು ಬರಲಿಲ್ಲ. ಡಿಕೋಡರಿನ ಹೊಂದಾಣಿಕೆಗಳನ್ನು ಓದುವ ಪ್ರೋಗ್ರಾಮಿಂಗ್ ಹಳಿಯ ಮೇಲೆ ಅದರ ವಿಳಾಸವನ್ನೂ (ಗುರುತಿನ ಸಂಖ್ಯೆ) ಸರಿಯಾಗಿ ಓದಲಾಯಿತು. ಟೇಪ್ ಆಗಿನ್ನೂ ಹರಿದಿರಲಿಲ್ಲ.

ಒಡಲು ಕೂರಿಸಿ, ಗೂಡ್ಸ್ ವ್ಯಾಗನ್‌ಗಳನ್ನು ಜೋಡಿಸಿ ಓಡಿಸಿದಾಗ ಮೋಟಾರ್ ಬಿಸಿಯಾಯಿತು. ಟೇಪಿನ ಅಂಟು ಕರಗಿ ಜಾರಿತು, ಮೆತ್ತಗಾದ ಪಿವಿಸಿಯನ್ನು ಮೊನೆಗಳು ತೂತು ಮಾಡಿಕೊಂಡು ಷಾಸಿಯನ್ನು ಮುಟ್ಟಿದವು. ಎಂಜಿನ್ ಗಕ್ಕನೆ ನಿಂತಿತು, ಸುಟ್ಟ ವಾಸನೆ ಹರಡಿತು. ಸ್ವಿಚ್ ಆರಿಸಿ ಒಡಲು ತೆಗೆಯುವಷ್ಟರಲ್ಲಿ ಡಿಕೋಡರಿನ ಒಂದು ಬದಿ ಕರಿದಾಗಿತ್ತು. ಅದರ ನೇರ ಮೇಲಿದ್ದ ಚಾವಣಿ ಉಬ್ಬಿ, ಎರಡು ಫ್ಯಾನ್‌ಗಳು ಸೊಟ್ಟಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಡಿಕೋಡರನ್ನು ಇನ್ನೊಂದು ತರಿಸಬಹುದು. ಆ ಚಾವಣಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹಳಿಗೆ ವಿದ್ಯುತ್ತು ಕೊಡುವ ಬೂಸ್ಟರಿನ ರಕ್ಷಣೆ (ಶಾರ್ಟ್ ಆದಾಗ ವಿದ್ಯುತ್ತು ಕಡಿಯುವ ಏರ್ಪಾಡು) ಇದೆಯಲ್ಲ ಎಂದು ಯಾರೂ ನಿಶ್ಚಿಂತರಾಗಬಾರದು. 5 ಆಂಪಿಯರ್ ಬೂಸ್ಟರ್ 15 ವೋಲ್ಟ್‌ನಲ್ಲಿ 75 ವ್ಯಾಟ್ ಕೊಡಬಲ್ಲದು. ಡಿಕೋಡರಿನ ಒಳಗೇ ಶಾರ್ಟ್ ಆದಾಗ ಹರಿಯುವ ವಿದ್ಯುತ್ತು ಆ ಮಿತಿಯನ್ನು ಮುಟ್ಟದೆಯೂ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಇಂಥ ಎಂಜಿನ್ನನ್ನು ಮಕ್ಕಳ ಕೈಗೆ ಕೊಟ್ಟು ಪಕ್ಕದ ಕೋಣೆಗೆ ಹೋಗುವವರಿದ್ದಾರೆ. ನನ್ನ ಸಿಟ್ಟಿಗೆ ಮುಖ್ಯ ಕಾರಣ ಅದೇ.

ವ್ಯಾಪಾರಿಗೆ ಟೇಪಿನ ಚಿತ್ರಗಳನ್ನೆಲ್ಲ ಕಳುಹಿಸಿದೆ. ‘ನೀವು ಹೆಚ್ಚು ಭಾರ ಎಳೆಸಿದ್ದೀರಿ, ನಮ್ಮಲ್ಲಿ ಓಡುತ್ತಿತ್ತು’ ಎಂಬುದಷ್ಟೇ ಉತ್ತರ. ಹಣ ವಾಪಸ್ ಬರಲಿಲ್ಲ. ಗೂಡ್ಸ್ ಎಂಜಿನ್ ಭಾರ ಎಳೆಯದೆ ಇನ್ನೇನು ಮಾಡಬೇಕು?

ಕೊಳ್ಳುವ ಮುನ್ನ ಅಡಿಭಾಗದ ಚಿತ್ರದಲ್ಲಿ ಮೊನೆಗಳನ್ನು ಕತ್ತರಿಸಿದ್ದಾರೆಯೇ, ಟೇಪ್ ಯಾವುದು ಎಂದು ನೋಡಿ. 12 ವೋಲ್ಟ್‌ನಲ್ಲಿ ಮೋಟಾರನ್ನು ಒಂದು ಕ್ಷಣ ಬಿಗಿಹಿಡಿದಾಗ ಅದು ಎಳೆಯುವ ವಿದ್ಯುತ್ತು ಎಷ್ಟು ಎಂದು ಕೇಳಿ. ಅದು ಡಿಕೋಡರಿನ ಸಾಮರ್ಥ್ಯವನ್ನು ಮೀರಿದರೆ ಬೇಡವೆನ್ನಿ. ಹಳೆಯ ಷಾಸಿಗಳಲ್ಲಿ ಹೆಡ್‌ಲೈಟಿನ ಬಲ್ಬಿನ ಒಂದು ತುದಿಯೂ ಷಾಸಿಗೇ ಸೇರಿರುತ್ತದೆ, ಅದನ್ನು ಬಿಡಿಸಿದ್ದಾರೆಯೇ ಎಂದು ವಿಚಾರಿಸಿ. ಈಗಾಗಲೇ ಕೊಂಡಿದ್ದರೆ, ಇನ್ನೊಮ್ಮೆ ಹಳಿಯ ಮೇಲೆ ಇಡುವ ಮುನ್ನ ಮೋಟಾರನ್ನು ಹೊರತೆಗೆದು ನೋಡಿ. ಕಪ್ಪು ಟೇಪ್ ಕಂಡರೆ ಅಂದೇ ಕಿತ್ತು ಹಾಕಿ, ಮೊನೆಗಳನ್ನು ಕತ್ತರಿಸಿ ಕ್ಯಾಪ್ಟಾನ್ ಟೇಪ್ ಹಾಸಿ.