ಒಂದೇ ವರ್ಷದಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಮಾಡ್ತೀವಿ ಅಂದರೆ ನಂಬಬೇಡಿ. ನಾನು ನಂಬಿದೆ.

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನ ತಂಗಿಯದಲ್ಲ. ನನ್ನದು. ಅವಳಿಗೆ ತುಮಕೂರಿನಲ್ಲಿ ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಸೀಟು ಸಿಕ್ಕಿತ್ತು. ಅಮ್ಮ ಹಾಸ್ಟೆಲ್‌ಗೆ ಅಂತ ಟ್ರಂಕು ಕೂಡ ತಂದಿಟ್ಟಿದ್ದರು. ಬೇಡ ಅಂತ ತಪ್ಪಿಸಿದವನು ನಾನು.

ಯಾಕೆ ಅಂತ ಹೇಳೋಕೂ ಈಗ ನಾಚಿಕೆ. ನರ್ಸಿಂಗ್ ಅಂದರೆ ನೈಟ್ ಡ್ಯೂಟಿ, ಗಂಡಸರ ವಾರ್ಡು, ನಾಳೆ ಹೆಣ್ಣು ನೋಡೋಕೆ ಬಂದವರು ಏನಂತಾರೋ. ಮನೆಯಲ್ಲಿ ಬೆಂಗಳೂರಿನಲ್ಲಿ ಕೆಲಸ ಮಾಡುವವನು ನಾನೊಬ್ಬನೇ, ಹಾಗಾಗಿ ನನ್ನ ಮಾತೇ ನಡೆಯಿತು. ಎಕ್ಸ್‌ರೇ ಅಂದರೆ ಎಸಿ ರೂಮು, ಬಟನ್ ಒತ್ತಿದರೆ ಮುಗೀತು, ಬೆಳಿಗ್ಗೆ ಹೋಗಿ ಸಂಜೆ ಬರಬಹುದು ಅಂದುಕೊಂಡಿದ್ದೆ. ರಾತ್ರಿ ಎರಡು ಗಂಟೆಗೆ ಬೈಕಿಂದ ಬಿದ್ದವನನ್ನು ಕರೆತಂದರೆ ಎಕ್ಸ್‌ರೇ ಯಾರು ತೆಗೀತಾರೆ ಅಂತ ಒಂದು ಸಲವಾದರೂ ಯೋಚಿಸಬೇಕಿತ್ತು ಅಲ್ವಾ? ಯೋಚಿಸಲಿಲ್ಲ.

ಒಂದೇ ವರ್ಷದಲ್ಲಿ ಕಲಿಸ್ತೀವಿ ಅಂದ ಆ ಸಂಸ್ಥೆ ಬೆಂಗಳೂರಿನಲ್ಲಿ, ಒಂದು ಬೇಕರಿಯ ಮೇಲೆ ಮೂರನೇ ಮಹಡಿಯಲ್ಲಿದೆ. ಹೆಸರು ಬರೆಯುತ್ತಿಲ್ಲ. ತಂಗಿಯ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇನ್ನೂ ಅವರ ಕೈಯಲ್ಲಿದೆ, ಅದಕ್ಕೆ. ಗೋಡೆ ಮೇಲೆ ಚಿನ್ನದ ಬಣ್ಣದ ಮುದ್ರೆಯ ಐಎಸ್‌ಒ 9001 ಅನ್ನೋ ಕ್ವಾಲಿಟಿ ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿದ್ದರು. ಕೌನ್ಸೆಲರ್ ಮೇಡಂ ಮೊದಲು ಕಾಫಿ ಕೊಟ್ಟರು. 'ಸರ್, ನರ್ಸಿಂಗ್ ಮೂರು ವರ್ಷ. ನಮ್ದು ಒಂದೇ ವರ್ಷ. ಅವರು ಓದು ಮುಗಿಸೋ ಹೊತ್ತಿಗೆ ನಿಮ್ಮ ಸಿಸ್ಟರ್ ಎರಡು ವರ್ಷ ಸಂಬಳ ತಗೊಂಡಿರ್ತಾರೆ' ಅಂದರು. ಈ ಲೆಕ್ಕಕ್ಕೇ ನಾನು ಬಿದ್ದಿದ್ದು. ಸರ್ಕಾರಿ ಮಾನ್ಯತೆ ಇದೆಯಾ ಅಂತ ಕೇಳಿದೆ, ಕೇಳದೆ ಬಿಟ್ಟಿಲ್ಲ. 'ಸೆಂಟ್ರಲ್ ಗವರ್ನಮೆಂಟ್ ರಿಜಿಸ್ಟರ್ಡ್ ಸರ್, ಆಲ್ ಇಂಡಿಯಾ ವ್ಯಾಲಿಡ್.' ನಾನು ತಲೆ ಆಡಿಸಿದೆ. ಒಟ್ಟು 85,000. ಅವತ್ತೇ 60,000 ಕಟ್ಟಿದೆ. ರಸೀತಿ ಕೊಟ್ಟಿದ್ದು ಬರೀ 20,000ಕ್ಕೆ. ಆಗಲೂ ಸುಮ್ನೆ ಇದ್ದೆ.

ವರ್ಷ ಪೂರ್ತಿ ಏನು ಕಲಿಸಿದರು? ನಾಲ್ಕು ತಿಂಗಳು ಜೆರಾಕ್ಸ್ ನೋಟ್ಸು. ಆಮೇಲೆ ಹಾಸ್ಪಿಟಲ್ ಟ್ರೇನಿಂಗ್ ಅಂತ ಒಂದು ಸಣ್ಣ ಎಕ್ಸ್‌ರೇ ಸೆಂಟರಿಗೆ ಹಾಕಿದರು. ಅಲ್ಲಿ ಟೋಕನ್ ಬರೆಯುವುದು, ಬಿಲ್ ಹಾಕುವುದು. ಮಕ್ಕಳು ಅಲುಗಾಡಿದರೆ ಎಕ್ಸ್‌ರೇ ಹೊತ್ತಿನಲ್ಲಿ ಹಿಡಿದುಕೊಂಡು ನಿಲ್ಲೋಕೆ ನನ್ನ ತಂಗಿ. ವಿಕಿರಣ ತಡೆಯುವ ಸೀಸದ ಏಪ್ರನ್ ಒಂದೇ ಇತ್ತಂತೆ, ಅದೂ ಮೊಳೆಗೆ ತೂಗುಹಾಕಿದ್ದು. ಇದನ್ನೆಲ್ಲ ಅವಳು ನನಗೆ ಆಗ ಹೇಳಲೇ ಇಲ್ಲ. ಅಣ್ಣ ಇಷ್ಟು ದುಡ್ಡು ಕಟ್ಟಿದ್ದಾನೆ ಅಂತ ಸುಮ್ಮನಿದ್ದಳು.

ಗೊತ್ತಾಗಿದ್ದು ಇಂಟರ್‌ವ್ಯೂ ದಿನ. ದೊಡ್ಡ ಆಸ್ಪತ್ರೆ, ನಾನೂ ಜೊತೆಗೆ ಹೋಗಿದ್ದೆ. ರೇಡಿಯಾಲಜಿ ಇನ್‌ಚಾರ್ಜ್ ವಯಸ್ಸಾದವರು, ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬೈಯಲಿಲ್ಲ. ಮೆಲ್ಲಗೆ ಕೇಳಿದರು, 'ಟ್ರೇನಿಂಗ್‌ನಲ್ಲಿ ಟಿಎಲ್‌ಡಿ ಬ್ಯಾಡ್ಜ್ ಕೊಟ್ಟಿದ್ರೇನಮ್ಮ?'

ತಂಗಿ ಕೇಳಿದಳು, 'ಅದೇನು ಸರ್?'

ಆ ಮನುಷ್ಯ ಸರ್ಟಿಫಿಕೇಟನ್ನು ಮಡಚಿ ವಾಪಸ್ ಕೊಟ್ಟರು. ತಮ್ಮ ಎದೆ ಮೇಲಿದ್ದ ಸಣ್ಣ ಬ್ಯಾಡ್ಜ್ ತೋರಿಸಿದರು. ಮೈಗೆ ಎಷ್ಟು ವಿಕಿರಣ ತಗುಲಿದೆ ಅಂತ ಅದು ಲೆಕ್ಕ ಇಡುತ್ತದೆ, ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗುತ್ತದೆ. 'ಎಕ್ಸ್‌ರೇ ರೂಮಲ್ಲಿ ಕೆಲಸ ಮಾಡೋರಿಗೆ ಇದು ಮೊದಲನೇ ದಿನದ ಪಾಠ' ಅಂದರು. ಆಮೇಲೆ ನನ್ನ ಕಡೆ ತಿರುಗಿ, 'ಕರ್ನಾಟಕದಲ್ಲಿ ಈ ಡಿಪ್ಲೊಮಾ ಅಂದ್ರೆ ಪ್ಯಾರಾ ಮೆಡಿಕಲ್ ಬೋರ್ಡಿಂದು ಸ್ವಾಮಿ. ಸೈನ್ಸ್ ಪಿಯುಸಿ ಆದವರಿಗೂ ಎರಡು ವರ್ಷ. ಇದು ಬೋರ್ಡಿಂದಲ್ಲ. ವಿಕಿರಣ ಸುರಕ್ಷತೆ ನೋಡೋ ಎಇಆರ್‌ಬಿಯವರು ಇನ್‌ಸ್ಪೆಕ್ಷನ್‌ಗೆ ಬಂದ್ರೆ ನಾನು ಯಾವ ಪೇಪರ್ ತೋರಿಸಲಿ?' ಸುತ್ತ ಬೇರೆ ಹುಡುಗರು ಕೂತಿದ್ದರು. ತಂಗಿ ದುಪಟ್ಟಾದ ತುದಿ ಸುತ್ತುತ್ತಾ ನಿಂತಿದ್ದಳು. ನನಗೆ ಅವಳ ಮುಖ ನೋಡೋಕಾಗಲಿಲ್ಲ. ಅದೇನು ಸರ್ ಅಂದಳಲ್ಲ, ಅದು ಇವತ್ತಿಗೂ ಕಿವಿಯಲ್ಲಿದೆ. ಒಂದು ವರ್ಷ! ಒಂದು ವರ್ಷ ಓದಿ, ತಿಂಗಳುಗಟ್ಟಲೆ ಆ ರೂಮಿನಲ್ಲಿ ನಿಂತವಳಿಗೆ ಬ್ಯಾಡ್ಜ್ ಅಂದರೆ ಏನು ಅಂತ ಗೊತ್ತಿಲ್ಲ.

ಅಲ್ಲಿಂದ ನೇರ ಆ ಮೂರನೇ ಮಹಡಿಗೆ ಹೋದೆ. ಈ ಸಲ ಕಾಫಿ ಇಲ್ಲ. ಅವರ ಉತ್ತರಗಳನ್ನು ಹೇಳಿದ ಹಾಗೇ ಬರೆಯುತ್ತೇನೆ.

'ಸರ್, ನಮ್ದು ಅಟಾನಮಸ್. ಬೋರ್ಡ್ ಬೇಕಾಗಲ್ಲ.'

'ಆ ಆಸ್ಪತ್ರೆ ಸರಿ ಇಲ್ಲ ಸರ್. ಬೇರೆ ಕಡೆ ಟ್ರೈ ಮಾಡಿ.'

ಸೆಂಟ್ರಲ್ ಗವರ್ನಮೆಂಟ್ ಅಂದಿದ್ದು ಏನಾಯ್ತು ಅಂತ ಕೇಳಿದರೆ ಎಂಎಸ್‌ಎಂಇ ನೋಂದಣಿಯ ಪೇಪರ್ ತೋರಿಸಿದರು. ಅಂಗಡಿ, ಗಿರಣಿಯವರೂ ಮಾಡಿಸಿಕೊಳ್ಳುವ ನೋಂದಣಿ ಅದು! ಕೊನೆಗೆ ಡೈರೆಕ್ಟರ್ ಅಂತ ಒಬ್ಬ ಬಂದ. ನನಗಿಂತ ಚಿಕ್ಕವನು. 'ಬೋರ್ಡ್ ಸರ್ಟಿಫಿಕೇಟೇ ಬೇಕು ಅಂತ ನೀವು ಕೇಳಲೇ ಇಲ್ವಲ್ಲ ಸರ್. ಓದಿದೋರು ನೀವು, ಕೇಳಬೇಕಿತ್ತು' ಅಂದ. ಓದಿದೋರು ನೀವು. ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ದುಡ್ಡು ವಾಪಸ್ ಅಂದರೆ ರಸೀತಿ ಕೇಳುತ್ತಾರೆ. ರಸೀತಿ 20,000ಕ್ಕೆ ಮಾತ್ರ ಇದೆ. ಮಾರ್ಕ್ಸ್ ಕಾರ್ಡ್ ಕೊಡಿ ಅಂದರೆ ಕನ್ವೊಕೇಷನ್ ಫೀ 15,000 ಬಾಕಿ ಅಂತಾರೆ. ಫೋನ್ ಮಾಡಿದರೆ ಎತ್ತುವುದಿಲ್ಲ. ವಾಟ್ಸಾಪ್‌ನಲ್ಲಿ ಕೈ ಮುಗಿಯುವ ಚಿತ್ರ ಕಳಿಸುತ್ತಾರೆ.

ಇನ್ನೊಂದು. ಅವರ ಪಾಂಪ್ಲೆಟ್‌ನಲ್ಲಿ ಗರ್ಭಿಣಿಗೆ ಸ್ಕ್ಯಾನಿಂಗ್ ಮಾಡುತ್ತಿರುವ ಹುಡುಗಿಯ ಫೋಟೊ ಇತ್ತು, ನೀವೂ ಹೀಗೆ ಆಗಬಹುದು ಅಂತ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಆ ಸ್ಕ್ಯಾನಿಂಗ್ ಮಾಡಬೇಕಾದವರು ಅರ್ಹತೆ ಇರುವ ಡಾಕ್ಟರು, ಅದೂ ನೋಂದಣಿ ಆದ ಜಾಗದಲ್ಲಿ. ಟೆಕ್ನಿಷಿಯನ್ ಅಲ್ಲ. ಆ ಫೋಟೊ ನೋಡಿಯೇ ಅಮ್ಮ ಒಪ್ಪಿದ್ದು.

ಎಕ್ಸ್‌ರೇ ಕೋರ್ಸ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಬೋರ್ಡಿನ ಇಮೇಜಿಂಗ್ ಡಿಪ್ಲೊಮಾ ಇದೆ, ರಾಜೀವ್ ಗಾಂಧಿ ಆರೋಗ್ಯ ವಿವಿಯ ಬಿಎಸ್ಸಿ ಇದೆ. ಅದು ಬೇಕಿದ್ದರೆ ಅದನ್ನೇ ಮಾಡಿಸಿ. ಕಾಲೇಜಿನ ಹೆಸರು ಬೋರ್ಡಿನ ಪಟ್ಟಿಯಲ್ಲಿದೆಯಾ ಅಂತ ನೀವೇ ನೋಡಿ, ಅವರು ತೋರಿಸುವ ಪಟ್ಟಿ ಬೇಡ. ನಿಮ್ಮ ತಾಲ್ಲೂಕು ಆಸ್ಪತ್ರೆಯ ಎಕ್ಸ್‌ರೇ ರೂಮಿಗೆ ಹೋಗಿ ಅಲ್ಲಿರುವವರನ್ನು ಕೇಳಿ, ಐದು ನಿಮಿಷದ ಕೆಲಸ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಯಾರ ಬೀರುವಿನಲ್ಲೂ ಬಿಡಬೇಡಿ. ಕಾಫಿ ಕೊಟ್ಟರೆ ಕುಡಿದು ಎದ್ದು ಬನ್ನಿ. ಮತ್ತೆ ನನ್ನಂಥ ಅಣ್ಣಂದಿರು ಸ್ವಲ್ಪ ಬಾಯಿ ಮುಚ್ಚಿಕೊಂಡರೆ ಒಳ್ಳೆಯದು.

ತಂಗಿಯ ಜೊತೆ ಪಿಯುಸಿ ಓದಿದ ಹುಡುಗಿ ಅದೇ ತುಮಕೂರಿನ ಜಿಎನ್‌ಎಂನಲ್ಲಿ ಈಗ ಎರಡನೇ ವರ್ಷ. ಮೊನ್ನೆ ಯೂನಿಫಾರ್ಮ್‌ನಲ್ಲಿ ಮನೆಗೆ ಬಂದಿದ್ದಳು. ತಂಗಿ ಅವಳ ಮುಂದೆ ನಕ್ಕಳು, ಅವಳು ಹೋದ ಮೇಲೆ ಅಡುಗೆಮನೆಗೆ ಹೋಗಿಬಿಟ್ಟಳು. ಈ ವರ್ಷ ಇವಳೂ ಜಿಎನ್‌ಎಂಗೆ ಹಾಕಬೇಕು ಅಂತಿದ್ದಾಳೆ. ಸೇರುವಾಗ ಒರಿಜಿನಲ್ ಕೇಳುತ್ತಾರೆ. ಪೊಲೀಸ್ ಸ್ಟೇಷನ್‌ಗೆ ದೂರು ಬರೆದಿಟ್ಟಿದ್ದೇನೆ. ಸೋಮವಾರ ಅದನ್ನು ಜೇಬಿನಲ್ಲಿಟ್ಟುಕೊಂಡು ಇನ್ನೊಂದು ಸಲ ಆ ಮಹಡಿ ಹತ್ತುತ್ತೇನೆ.