ಸಪ್ತಾಪುರದ ಫಲಕವಿಲ್ಲದ ಖಾನಾವಳಿ: ಇಥಿಯೋಪಿಯಾದ ವಿದ್ಯಾರ್ಥಿಯೊಬ್ಬನ ತಿಂಗಳ ಊಟ

ಧಾರವಾಡದ ಸಪ್ತಾಪುರದಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳ ಸಾಲು ಮುಗಿದು ಮನೆಗಳು ತೊಡಗುವ ಕಡೆ, ಹಳೆಯ ಹೆಂಚಿನ ಮನೆಯೊಂದರ ಪಡಸಾಲೆಯಲ್ಲಿ ನಡೆಯುವ ಖಾನಾವಳಿಯ ಕುರಿತು ಇದನ್ನು ಬರೆಯುತ್ತಿದ್ದೇನೆ. ಅದಕ್ಕೆ ಫಲಕವಿಲ್ಲ. ಕಟ್ಟೆಗೆ ಒರಗಿಸಿದ ಕರಿಹಲಗೆಯ ಮೇಲೆ ಆ ದಿನದ ಪಲ್ಯ, ಕಾಳುಗಳ ಹೆಸರನ್ನು ಬಳಪದಿಂದ ಬರೆದಿರುತ್ತಾರೆ. ಹೊಸಬರಿಗೆ ಗುರುತು ಅದೊಂದೇ. ಬಿಡಿ ಊಟಕ್ಕೆ 70 ರೂಪಾಯಿ, ಎರಡು ಹೊತ್ತಿನ ತಿಂಗಳ ಊಟಕ್ಕೆ 3,000 ರೂಪಾಯಿ. ರೊಟ್ಟಿಗೆ ಲೆಕ್ಕವಿಲ್ಲ, ಅನ್ನ ಸಾರಿಗೂ ಲೆಕ್ಕವಿಲ್ಲ, ಮೊಸರು ಮಾತ್ರ ಒಂದು ಬಟ್ಟಲು. ಬ್ಯಾಡಗಿ ತಾಲ್ಲೂಕಿನ ಹಳ್ಳಿಯಿಂದ ಓದಲೆಂದು ಈ ಊರಿಗೆ ಬಂದಾಗ ನಾನು ಮೂರು ವರ್ಷ ಇಲ್ಲಿಯೇ ಉಂಡವನು. ಈಗಲೂ ವಾರಕ್ಕೊಮ್ಮೆಯಾದರೂ ಹೋಗುತ್ತೇನೆ. ಆದರೂ ಇದರ ಬಗ್ಗೆ ಬರೆಯಬೇಕೆಂದು ಅನ್ನಿಸಿದ್ದು ಈಚೆಗೆ. ಇಥಿಯೋಪಿಯಾದಿಂದ ಸಂಶೋಧನೆಗೆ ಬಂದು, ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವ ಇಪ್ಪತ್ತಾರು ವರ್ಷದ ಯುವಕ ಎಂಟು ತಿಂಗಳಿನಿಂದ ಇಲ್ಲಿ ತಿಂಗಳ ಊಟ ಹಚ್ಚಿದ್ದಾನೆ. ಅವನ ಪಕ್ಕದಲ್ಲಿ ಕುಳಿತು ಉಂಡ ಮೇಲೆ, ನಾನು ಇಷ್ಟು ವರ್ಷ ಸಹಜವೆಂದು ತಿಳಿದಿದ್ದ ಈ ಪಡಸಾಲೆಯ ಬೆಲೆ ನನಗೆ ಗೊತ್ತಾಯಿತು.

ಮೊದಲು ಅವನ ಪರಿಸ್ಥಿತಿಯನ್ನು ಹೇಳಬೇಕು, ಇಲ್ಲವಾದರೆ ನನ್ನ ಮೆಚ್ಚುಗೆ ಅತಿಯಾಯಿತೆಂದು ಓದುಗರಿಗೆ ಅನ್ನಿಸಬಹುದು. ಅವನ ಕೈಗೆ ಬರುವುದು ತಿಂಗಳಿಗೆ ಇಪ್ಪತ್ತು ಸಾವಿರದ ಆಸುಪಾಸಿನ ಶಿಷ್ಯವೇತನ. ವಿದ್ಯಾರ್ಥಿ ವೀಸಾದ ಮೇಲೆ ಬಂದವರು ಇಲ್ಲಿ ದುಡಿದು ಸಂಪಾದಿಸುವಂತಿಲ್ಲ. ನಮ್ಮ ಹುಡುಗರು ಸಂಜೆ ಟ್ಯೂಷನ್ ಹೇಳಿಯೋ ಅಂಗಡಿಯಲ್ಲಿ ಲೆಕ್ಕ ಬರೆದೋ ಖರ್ಚು ತೂಗಿಸಿಕೊಳ್ಳುವಂತೆ ಅವನು ಮಾಡಲಾರ. ಶಿಷ್ಯವೇತನ ಜಮೆಯಾಗಲು ಬ್ಯಾಂಕ್ ಖಾತೆ ಬೇಕು, ಖಾತೆಗೆ ವಿಳಾಸದ ದಾಖಲೆ ಬೇಕು. 180 ದಿನಕ್ಕಿಂತ ಹೆಚ್ಚಿನ ವಿದ್ಯಾರ್ಥಿ ವೀಸಾ ಇರುವವರು ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಮಾಡಿಸಬೇಕು, ಅದಕ್ಕೂ ವಾಸದ ದಾಖಲೆ ಬೇಕು. ಆ ದಾಖಲೆ ಹುಟ್ಟುವುದು ಮನೆಯ ಮಾಲೀಕರ ಕೈಯಲ್ಲಿ: ಪರದೇಶದವರು ತಮ್ಮಲ್ಲಿಗೆ ಬಂದ 24 ಗಂಟೆಯೊಳಗೆ ಮಾಲೀಕರು ಅವರ ವಾಸದ ವಿವರದ ಫಾರ್ಮ್ ತುಂಬಿ ಆನ್‌ಲೈನಿನಲ್ಲಿ ಸಲ್ಲಿಸಬೇಕು. ಅವನು ಮೊದಲು ಹಿಡಿದ ಮನೆಯ ಮಾಲೀಕರು ಆರು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ತೆಗೆದುಕೊಂಡು, ಫಾರ್ಮಿನ ಮಾತು ಬಂದಾಗ ತಮಗೆ ಆ ತಾಪತ್ರಯ ಬೇಡವೆಂದುಬಿಟ್ಟರು. ಮುಂಗಡದಲ್ಲಿ ಅರ್ಧವಷ್ಟೇ ಹಿಂದಿರುಗಿತು. ನಮ್ಮಲ್ಲಿಗೆ ಬಂದಾಗ ಅವನ ಬಳಿ ಎರಡು ಸೂಟ್‌ಕೇಸು, ಊರಿನಿಂದ ತಂದ ಹಣದಲ್ಲಿ ಉಳಿದ ಚೂರುಪಾರು ಮಾತ್ರ ಇದ್ದವು. ಫಾರ್ಮನ್ನು ನಾನು ತುಂಬಿಕೊಟ್ಟೆ, ಅದು ಒಂದು ಸಂಜೆಯ ಕೆಲಸ. ಬಿಟ್ಟು ಬಿಟ್ಟು ಬರುವ ನಳದ ನೀರನ್ನು ಯಾವಾಗ, ಹೇಗೆ ಬ್ಯಾರಲ್ಲಿಗೆ ತುಂಬಿಸಿಕೊಳ್ಳಬೇಕೆಂದು ನನ್ನ ಹೆಂಡತಿ ತೋರಿಸಿಕೊಟ್ಟಳು. ಆದರೆ ನಾವಿಬ್ಬರೂ ಬೆಳಗ್ಗೆ ಎಂಟಕ್ಕೆ ಮನೆ ಬಿಡುವವರಾದ್ದರಿಂದ ದಿನಾಲು ಅವನಿಗೆ ಊಟ ಹಾಕುವುದು ಆಗುವ ಮಾತಾಗಿರಲಿಲ್ಲ. ಖಾತೆ ಇಲ್ಲದ ಕಾರಣ ಫೋನ್‌ಪೇ ಇಲ್ಲ. ಊರಿನ ಕಾರ್ಡಿನಿಂದ ಎಟಿಎಂನಲ್ಲಿ ಹಣ ತೆಗೆದರೆ ಪ್ರತಿ ಸಲವೂ ಶುಲ್ಕ. ಹಾಗಾಗಿ ಅವನು ಮೊದಲ ವಾರ ಬಾಳೆಹಣ್ಣು, ಬ್ರೆಡ್ಡು ತಿಂದು ಕಳೆದಿದ್ದ. ಅದು ನಮಗೆ ತಿಳಿದದ್ದು ತಡವಾಗಿ, ಆ ಬಗ್ಗೆ ನನಗೆ ಈಗಲೂ ನೋವಿದೆ.

ಅವನನ್ನು ಖಾನಾವಳಿಗೆ ಕರೆದೊಯ್ದ ದಿನ ನಾನು ಒಂದು ತಿಂಗಳ ಹಣವನ್ನು ನನ್ನ ಜೇಬಿನಿಂದಲೇ ಕೊಡಲು ಸಿದ್ಧನಾಗಿ ಹೋಗಿದ್ದೆ. ಖಾನಾವಳಿಯನ್ನು ನಡೆಸುವವರು ಇಬ್ಬರು ಅಕ್ಕತಂಗಿಯರು. ಹಿರಿಯರನ್ನು ಎಲ್ಲರೂ ಅಕ್ಕಾರು ಎಂದೇ ಕರೆಯುತ್ತಾರೆ. ಅವನ ಖಾತೆಯ ತಾಪತ್ರಯವನ್ನು ನಾನು ವಿವರಿಸುತ್ತಿರುವಾಗ ಅವರು ಗೋಡೆಯ ಗೂಟಕ್ಕೆ ತೂಗುಹಾಕಿದ್ದ ಉದ್ದನೆಯ ಲೆಕ್ಕದ ಪುಸ್ತಕವನ್ನು ತೆಗೆದು, ಹೊಸ ಪುಟದಲ್ಲಿ ಅವನ ಹೆಸರು ಬರೆಯಲು ಹೇಳಿದರು. ನಾನು ಹಣ ತೆಗೆದಾಗ ಒಪ್ಪಲಿಲ್ಲ. "ಅವನ ಲೆಕ್ಕ ಅವನ ಕೊಡಲಿ ಬಿಡ್ರಿ ಸರ್. ರೊಕ್ಕ ಬಂದ ಮ್ಯಾಲ ಕೊಡ್ತಾನ. ಹಸದ ಹೊಟ್ಟಿಲೆ ಯಾರರ ಓದತಾರೇನ್ರಿ?" ಎಂದರು. ಖಾತೆ ತೆರೆದು ಶಿಷ್ಯವೇತನ ಬರಲು ಹನ್ನೊಂದು ವಾರ ಹಿಡಿಯಿತು. ಅಷ್ಟು ದಿನವೂ ಆ ಪುಟದಲ್ಲಿ ಊಟದ ಗೆರೆಗಳು ಏರುತ್ತಲೇ ಇದ್ದವು, ಒಂದು ಸಲವೂ ಅವನನ್ನು ಹಣ ಕೇಳಲಿಲ್ಲ. ಹಣ ಬಂದ ದಿನ ಅವನು ಪೂರ್ತಿ ತೀರಿಸಿದ. ಊರಿಗೆ ಹೋಗಿದ್ದ ತರಬೇತಿಯ ಹುಡುಗರಿಗೆ ಹೇಗೋ ಹಾಗೆಯೇ, ಅವನು ಬಾರದ ನಾಲ್ಕು ದಿನಗಳ ಊಟವನ್ನು ಲೆಕ್ಕದಿಂದ ಕಳೆದಿದ್ದರು. ದರವೂ ಎಲ್ಲರಿಗಿರುವುದೇ. ಪರದೇಶದವನೆಂದರೆ ಹಣವಂತನೇ ಇರಬೇಕೆಂಬ ಎಣಿಕೆಯನ್ನು ಆಟೋದಿಂದ ಬಾಡಿಗೆ ಮನೆಯವರೆಗೆ ಎಲ್ಲ ಕಡೆ ಎದುರಿಸಿದ್ದ ಹುಡುಗನಿಗೆ, ಎಲ್ಲರ ಹೆಸರಿನ ನಡುವೆ ತನ್ನ ಹೆಸರೂ ಅದೇ ದರದಲ್ಲಿ ಇರುವುದು ದೊಡ್ಡ ಸಮಾಧಾನ ಕೊಟ್ಟಿತು.

ಇನ್ನು ಊಟ. ಬೆಳಗ್ಗೆ ಹತ್ತರಿಂದಲೇ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಬಿಳಿಜೋಳದ ಬಿಸಿರೊಟ್ಟಿ ತೆಳ್ಳಗೆ, ಅಂಚು ಒಡೆಯದೆ, ಒಲೆಯಿಂದ ನೇರವಾಗಿ ತಾಟಿಗೆ ಬರುತ್ತದೆ. ಬೇಕೆಂದವರಿಗೆ ಕಡಕ್ ರೊಟ್ಟಿಯೂ ಉಂಟು. ಒಂದು ಕಾಳಿನ ಪಲ್ಯ, ಒಂದು ತರಕಾರಿ ಅಥವಾ ಸೊಪ್ಪಿನ ಪಲ್ಯ, ಹಸಿ ಉಳ್ಳಾಗಡ್ಡಿ, ಸವತಿಕಾಯಿ, ಮೆಂತೆಯ ಎಳೆ ಸೊಪ್ಪು, ಮೂರು ಬಗೆಯ ಹಿಂಡಿ, ಅಂದರೆ ಚಟ್ನಿಪುಡಿ. ಗುರುವಾರದ ಎಣಗಾಯಿಗೆ ಬದನೆಯ ಮಿಡಿಗಳನ್ನೇ ಆರಿಸಿ ತರುತ್ತಾರೆ. ಶೇಂಗಾ, ಎಳ್ಳು, ಗುರೆಳ್ಳು ಸೇರಿಸಿ ಅರೆದ ಮಸಾಲೆ ಕಾಯಿಯೊಳಗೆ ಪೂರ್ತಿ ಇಳಿದಿರುತ್ತದೆ. ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿ ಬಳಸುವುದರಿಂದ ಪಲ್ಯದ ಬಣ್ಣ ಹೆದರಿಸುವಷ್ಟು ಕೆಂಪಗಿದ್ದರೂ ನಾಲಿಗೆ ಸುಡುವುದಿಲ್ಲ. ಆ ಊರಿನ ಕಡೆಯವನಾದ ನಾನು ಇದನ್ನು ತುಸು ಅಭಿಮಾನದಿಂದಲೇ ಹೇಳುತ್ತೇನೆ. ಸುಡುವುದು ಹಸಿಮೆಣಸಿನಕಾಯಿಯ ಖಾರ, ಅದನ್ನು ಕೇಳಿ ಬಡಿಸುತ್ತಾರೆ.

ಪರದೇಶದವನು ಈ ಊಟಕ್ಕೆ ಹೇಗೆ ಹೊಂದಿಕೊಂಡಾನು ಎಂಬ ನನ್ನ ಚಿಂತೆ ಮೊದಲ ದಿನವೇ ತಲೆಕೆಳಗಾಯಿತು. ಅವನು ಗುರೆಳ್ಳು ಹಿಂಡಿಯನ್ನು ಬೆರಳ ತುದಿಯಿಂದ ಮುಟ್ಟಿ, ಮೂಸಿ, "ನೂಗ್" ಎಂದ. ಅದು ಅವರ ಅಮ್ಹಾರಿಕ್ ಭಾಷೆಯಲ್ಲಿ ಗುರೆಳ್ಳಿನ ಹೆಸರು. ಬಯಲುಸೀಮೆಯದೇ ಬೆಳೆ ಎಂದು ನಾನು ತಿಳಿದಿದ್ದ ಗುರೆಳ್ಳಿನ ತವರು ಇಥಿಯೋಪಿಯಾ. ಸಸ್ಯಶಾಸ್ತ್ರದ ಹೆಸರಿನಲ್ಲಿರುವ ಅಬಿಸ್ಸಿನಿಕಾ ಎಂಬ ಪದವೇ ಆ ದೇಶದ ಹಳೆಯ ಹೆಸರಿನಿಂದ ಬಂದದ್ದು. ನಮ್ಮ ತಾಟಿನ ನಡುವೆ ಕೂರುವ ಜೋಳ ಕೂಡ ಸಾವಿರಾರು ವರ್ಷಗಳ ಹಿಂದೆ ಈಶಾನ್ಯ ಆಫ್ರಿಕಾದ ಕಡೆ ಪಳಗಿ, ಆಮೇಲೆ ಈ ನೆಲಕ್ಕೆ ಬಂದ ಧಾನ್ಯ. ಕಡಲೆಹಿಟ್ಟಿನ ಜುಣಕವನ್ನು ಕಂಡು ಅವನು ತಮ್ಮ ಮನೆಯ ಶಿರೋ ನೆನೆಸಿಕೊಂಡ. ಅದೂ ಕಾಳಿನ ಹಿಟ್ಟನ್ನು ಕುದಿಸಿ ಮಾಡುವ ದಪ್ಪನೆಯ ಸಾರು. ಅವನಿಗೆ ಇಲ್ಲಿ ಕೊರತೆಯೆನ್ನಿಸಿದ್ದು ಹುಳಿ. ಅವರ ಇಂಜೆರಾ ಹಿಟ್ಟನ್ನು ದಿನಗಟ್ಟಲೆ ಹುದುಗಿಸಿ ಹೊಯ್ಯುವ ರೊಟ್ಟಿ, ಹುಳಿಯೇ ಅದರ ಜೀವ. ನಮ್ಮ ಜೋಳದ ರೊಟ್ಟಿಗೆ ಆ ಹುಳಿ ಇಲ್ಲ. ಇದನ್ನು ಅವನು ಕೈಸನ್ನೆಯಲ್ಲಿ ಹೇಳಿದ್ದನ್ನು ಅಕ್ಕಾರು ಹೇಗೋ ಅರ್ಥಮಾಡಿಕೊಂಡು, ಪುಂಡಿಪಲ್ಯ ಮಾಡಿದ ದಿನ ಅವನ ತಾಟಿಗೆ ಎರಡು ಸೌಟು ಹೆಚ್ಚು ಹಾಕತೊಡಗಿದರು. ಜೋಳದ ನುಚ್ಚು, ತೊಗರಿಬೇಳೆ ಹಾಕಿ ಬೇಯಿಸಿ, ಬಳ್ಳೊಳ್ಳಿಯ ಒಗ್ಗರಣೆ ಕೊಟ್ಟ ಆ ಹುಳಿಪಲ್ಯವನ್ನು ಬಿಸಿರೊಟ್ಟಿಯ ಮೇಲೆ ಹರಡಿಕೊಂಡು ಉಣ್ಣುವುದನ್ನು ನಾನು ಅವನಿಂದ ಕಲಿತೆ.

ಅವನು ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತ. ಅವರಲ್ಲಿ ಬುಧವಾರ, ಶುಕ್ರವಾರ ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲು, ಮೊಸರು, ತುಪ್ಪವನ್ನೂ ಮುಟ್ಟದ ವ್ರತವಿದೆ. ಈಸ್ಟರ್‌ಗೆ ಮುಂಚಿನ 55 ದಿನ ಅದೇ ನೇಮ. ಹೋಟೆಲುಗಳಲ್ಲಿ ಇದನ್ನು ವಿವರಿಸಿ ಅವನು ಸೋತಿದ್ದ. ಶಾಕಾಹಾರಿ ಎಂದಾಗ ಪನೀರ್ ತಂದಿಡುತ್ತಿದ್ದರು, ಬೇಡವೆಂದರೆ ಬೆಣ್ಣೆ ಸವರಿದ ರೋಟಿ. ಇಲ್ಲಿ ವ್ರತ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬೇರೇನೂ ಕೇಳದೆ ಒಪ್ಪಿಕೊಂಡರು. ಸೋಮವಾರ, ಶನಿವಾರ, ಸಂಕಷ್ಟಿ ಎಂದು ಒಂದಲ್ಲ ಒಂದು ಹಿಡಿಯುವವರಿಗೇ ದಿನಾಲು ಬಡಿಸುವ ಅವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಬುಧವಾರ ಮೊಸರಿನ ಬಟ್ಟಲಿನ ಬದಲು ಒಂದು ಚಮಚ ಶೇಂಗಾ ಎಣ್ಣೆ ಹನಿಸಿದ ಹಿಂಡಿ ಬರುತ್ತದೆ, ಒಗ್ಗರಣೆ ಯಾವುದರದೆಂದು ಅವರೇ ಮುಂದಾಗಿ ಹೇಳುತ್ತಾರೆ.

ಭಾಷೆಯ ಮಾತನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ಅವನಿಗೆ ಕನ್ನಡ ಬಂದದ್ದು ಕಟ್ಟೆಯ ಕರಿಹಲಗೆಯಿಂದ. ಅವರ ಲಿಪಿಯಲ್ಲೂ ಒಂದೊಂದು ವ್ಯಂಜನಕ್ಕೆ ಸ್ವರ ಸೇರಿದಂತೆ ರೂಪ ಬದಲಾಗುತ್ತದೆ, ಒಂದಕ್ಕೆ ಏಳು ರೂಪ. ಹಾಗಾಗಿ ನಮ್ಮ ಕಾಗುಣಿತದ ತತ್ತ್ವ ಅವನಿಗೆ ತಟ್ಟನೆ ಹೊಳೆಯಿತು. ಹೆಸರುಕಾಳು, ಮಡಕಿಕಾಳು, ಹೀರೇಕಾಯಿ ಎಂದು ಓದುತ್ತ ಓದುತ್ತ ಮೂರನೆಯ ತಿಂಗಳಿಗೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಫಲಕಗಳನ್ನೂ ಓದತೊಡಗಿದ. ಈಗ ಅಕ್ಕಾರು "ತಮ್ಮಾ, ಇನ್ನೊಂದು ಹಾಕಲೇನು?" ಎಂದರೆ "ಅರ್ಧಾ ಸಾಕ್ರಿ ಅಕ್ಕಾರ" ಎನ್ನುತ್ತಾನೆ. ಅರ್ಧ ರೊಟ್ಟಿಯನ್ನು ಯಾರೂ ಹಾಕುವುದಿಲ್ಲ, ಇಡಿಯದೇ ಬೀಳುತ್ತದೆ.

ಕೊರತೆಗಳಿವೆ, ಮುಚ್ಚಿಡಲಾರೆ. ರಾತ್ರಿ ಒಂಬತ್ತೂಕಾಲಿಗೆ ಒಲೆ ಆರುತ್ತದೆ; ಪ್ರಯೋಗಾಲಯದಿಂದ ತಡವಾಗಿ ಬರುವವರಿಗೆ ತಣ್ಣನೆಯ ಅನ್ನ ಸಾರೇ ಗತಿ. ಮೊದಲೇ ಫೋನ್ ಮಾಡಿದರೆ ಡಬ್ಬಿ ಕಟ್ಟಿಡುತ್ತಾರೆ, ಆದರೆ ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಭಾನುವಾರ ರಾತ್ರಿ ಊಟವಿಲ್ಲ. ಹಬ್ಬಕ್ಕೆ ಬಾಗಿಲು ಹಾಕುವುದನ್ನು ಹಲಗೆಯ ಮೇಲೆ ಹಿಂದಿನ ದಿನ ಬರೆದರೆ ಎಷ್ಟೋ ಉಪಕಾರವಾದೀತು. ಹಬ್ಬದ ತಿಥಿ ಗೊತ್ತಿಲ್ಲದ ಈ ಹುಡುಗ ಎರಡು ಸಲ ಮುಚ್ಚಿದ ಬಾಗಿಲ ಮುಂದಿನಿಂದ ಹಿಂದಿರುಗಿ ಬಂದ. ಕುಡಿಯುವ ನೀರು ಸಾಲದು: ಸ್ಟೀಲಿನ ಫಿಲ್ಟರ್ ಇದೆ, ಆದರೆ ಮಧ್ಯಾಹ್ನದ ಗದ್ದಲದಲ್ಲಿ ಅದು ತುಂಬುವುದರೊಳಗೆ ಬರಿದಾಗುತ್ತದೆ. ಅವನಿಗೆ ಮೊದಲ ತಿಂಗಳು ಎರಡು ಸಲ ಹೊಟ್ಟೆ ಕೆಟ್ಟಿತು. ಇಲ್ಲಿಯ ನೀರಿನಿಂದಲೇ ಎಂದು ಹೇಳಲಾರೆನಾದರೂ, ಈಗ ಮನೆಯಿಂದ ಕುದಿಸಿದ ನೀರನ್ನು ಒಯ್ಯುತ್ತಾನೆ, ಹೊಸದಾಗಿ ಬಂದವರೆಲ್ಲರಿಗೂ ನಾನು ಅದನ್ನೇ ಹೇಳುತ್ತೇನೆ. ಕೈ ತೊಳೆಯುವ ಹಿತ್ತಿಲ ಕಲ್ಲು ಮಳೆಗಾಲದಲ್ಲಿ ಪಾಚಿಗಟ್ಟಿ ಜಾರುತ್ತದೆ. ಚಹಾ, ಕಾಫಿ ಸಿಗುವುದಿಲ್ಲ. ಕಾಫಿಯ ನಾಡಿನವನಾದ ಅವನು ಸಂಜೆ ಕೋಣೆಯಲ್ಲೇ ಬೀಜ ಹುರಿದು ಕುದಿಸಿಕೊಳ್ಳುತ್ತಾನೆ, ಆ ಪರಿಮಳ ಮೆಟ್ಟಿಲಿಳಿದು ನಮ್ಮನ್ನೂ ಕರೆಯುತ್ತದೆ.

ಒಂದು ದಿನ ಪಕ್ಕದ ಸಾಲಿನ ಇಬ್ಬರು ಹುಡುಗರು ಅವನನ್ನು ಕೇಳದೆ, ಅವನು ಉಣ್ಣುತ್ತಿರುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದರು. ನಾನು ಏಳುವುದರೊಳಗೆ ಅಕ್ಕಾರು ರೊಟ್ಟಿಯ ಬುಟ್ಟಿಯನ್ನು ಕೆಳಗಿಟ್ಟು ಬಂದು, "ಅದನ್ನ ಕಿಸೇದಾಗ ಇಡ್ರಿ. ನಿಮ್ಮಂಗ ಅವನೂ ಉಣ್ಣಾಕ ಬಂದಾನ" ಎಂದರು. ದನಿ ಏರಿಸಲಿಲ್ಲ. ಆ ಹುಡುಗರೂ ಒಳ್ಳೆಯವರೇ, ಉಂಡೆದ್ದು ಅವನ ಕೈಕುಲುಕಿ ಹೋದರು, ಈಗ ಶನಿವಾರ ಅವನೊಡನೆ ಕ್ರಿಕೆಟ್ ಆಡುತ್ತಾರೆ. ಪರ ಊರಿನಲ್ಲಿ ಕಡಿಮೆ ಹಣದಲ್ಲಿ ಬದುಕುವವನಿಗೆ ದಿನಕ್ಕೆ ಎರಡು ಸಲ ಯಾರ ಕಣ್ಣಿಗೂ ಬೀಳದೆ ಕುಳಿತು ಉಣ್ಣುವ ಒಂದು ಜಾಗ ಎಷ್ಟು ಮುಖ್ಯವೆಂಬುದನ್ನು ನಾನು ಆ ಹೊತ್ತಿನಲ್ಲಿ ಕಂಡೆ.

ಊಟ ಹಚ್ಚಬೇಕೆನ್ನುವವರು ಮೊದಲ ವಾರ ಬಿಡಿ ಊಟ ಮಾಡಿ ನೋಡುವುದು ಒಳ್ಳೆಯದು. ಹಚ್ಚಿದ ಮೇಲೆ ಆ ದಿನಗಳನ್ನೂ ತಿಂಗಳ ದರದಲ್ಲೇ ಲೆಕ್ಕ ಹಿಡಿಯುತ್ತಾರೆ. ಮಧ್ಯಾಹ್ನ ಒಂದೂವರೆಯ ನಂತರ ಜಾಗಕ್ಕೆ ಕಾಯಬೇಕಾಗುತ್ತದೆ. ಅಮಾವಾಸ್ಯೆಗೆ ಕಡಲೆಬೇಳೆಯ ಹೋಳಿಗೆ ಇರುತ್ತದೆ, ಒಂದು ಗಂಟೆಯೊಳಗೆ ಹೋದವರಿಗೆ ಮಾತ್ರ ಸಿಗುತ್ತದೆ. ಒಮ್ಮೆ ಅಮಾವಾಸ್ಯೆ ಬುಧವಾರವೇ ಬಂದಾಗ ಅವನು ಮೂರು ಗಂಟೆಗೆ ಹೋಗಿದ್ದ. ಒಳಗೆ ಅವನಿಗೆಂದು ಎರಡು ಹೋಳಿಗೆಗಳನ್ನು ತುಪ್ಪ ಸವರದೆ ಎತ್ತಿಟ್ಟಿದ್ದರು.