ಎಲೆ ಬಣ್ಣದ ಪಟ್ಟಿ: ಶಹಾಪುರದ ನಮ್ಮ ಗದ್ದೆಯಲ್ಲಿ ನಾಲ್ಕು ವರ್ಷ

ಗೇಣುದ್ದದ ಪ್ಲಾಸ್ಟಿಕ್ ಪಟ್ಟಿ. ಅದರಲ್ಲಿ ಹಳದಿ ಹಸಿರಿನಿಂದ ಗಾಢ ಹಸಿರಿನವರೆಗೆ ಅಂಕಿ ಹಾಕಿದ ಬಣ್ಣದ ಮನೆಗಳು. ಎಲೆ ತಿಳಿಯಾದಷ್ಟೂ ಪೈರಿಗೆ ಸಾರಜನಕ ಕಡಿಮೆ ಎಂಬ ಲೆಕ್ಕ. ನಾಲ್ಕು ಮುಂಗಾರು ಇದನ್ನು ನೋಡಿಯೇ ಭತ್ತಕ್ಕೆ ಯೂರಿಯಾ ಹಾಕಿದ್ದೇನೆ. ನಮ್ಮದು ನಾರಾಯಣಪುರ ಎಡದಂಡೆ ಕಾಲುವೆ ನೀರು, ಕರಿ ನೆಲ, ಸೋನಾ ಮಸೂರಿ.

ಮೊದಲೆಲ್ಲ ಎಕರೆಗೆ ನಾಲ್ಕು ಚೀಲ. ಪಕ್ಕದವರ ಪೈರು ಕರ್ರಗೆ ಕಂಡರೆ ನನ್ನದಕ್ಕೆ ಇನ್ನರ್ಧ. 45 ಕಿಲೋ ಚೀಲದಲ್ಲಿ 46% ಸಾರಜನಕ, ಅಂದರೆ 20 ಕಿಲೋ ಚಿಲ್ಲರೆ. ನೀರು ನಿಂತ ಗದ್ದೆಯಲ್ಲಿ ಪೈರಿಗೆ ದಕ್ಕುವುದು ಸಾಮಾನ್ಯವಾಗಿ ಅದರ ಮೂರನೇ ಒಂದು ಪಾಲು, ಏಳು ಕಿಲೋ ಆಸುಪಾಸು. ಒಂದಿಷ್ಟು ಮಣ್ಣಲ್ಲಿ ಉಳಿದರೆ, ಬಹಳಷ್ಟು ಗಾಳಿಗೆ, ಬಸಿನೀರಿಗೆ. ನಮ್ಮಂಥ ಕ್ಷಾರದ ಮಣ್ಣಲ್ಲಿ, ನಿಂತ ನೀರಿಗೆ ಮಟಮಟ ಮಧ್ಯಾಹ್ನ ಎರಚಿದರಂತೂ ಅಮೋನಿಯಾ ಆಗಿ ಹಾರಿಹೋಗುತ್ತದೆ.

"ಬಣ್ಣ ನೋಡಿ ಸೀರಿ ತಗೋತಾರ, ಗೊಬ್ಬರ ಹಾಕ್ತಾರೇನೋ ತಮ್ಮಾ?" ಎಂದು ಕಾಕಾ ನಕ್ಕಿದ್ದರು.

ನಾಟಿಯಾಗಿ ಎರಡು ವಾರ ಕಳೆದ ಮೇಲೆ ಶುರು, ಹೂ ಬರುವವರೆಗೆ ಹತ್ತು ದಿನಕ್ಕೊಮ್ಮೆ. ಬೆಳಿಗ್ಗೆ ಬಿಸಿಲಿಗೆ ಬೆನ್ನು ಕೊಟ್ಟು ನಿಂತು, ಪೂರ್ತಿ ಬಿಚ್ಚಿದ ಮೇಲಿನ ಎಲೆಯ ನಡುಭಾಗವನ್ನು ನನ್ನ ನೆರಳಲ್ಲೇ ಪಟ್ಟಿಗೆ ಹಿಡಿಯುತ್ತೇನೆ. ಎಲೆ ಕೀಳಬಾರದು. ಹತ್ತು ಎಲೆಯಲ್ಲಿ ಆರು 4ನೇ ಬಣ್ಣಕ್ಕಿಂತ ತಿಳಿಯಾಗಿದ್ದರೆ ಮಾತ್ರ ಗೊಬ್ಬರ. ನೇರ ಬಿತ್ತನೆಯ ಭತ್ತಕ್ಕೆ 3 ಸಾಕು. ನೀರು ಬಸಿದು ಕೆಸರಿಗೆ ಎರಚಿ, ಎರಡು ದಿನ ಬಿಟ್ಟು ಮತ್ತೆ ನೀರು. ವಾರಬಂದಿಯಲ್ಲಿ, ಅಂದರೆ ಸರದಿಯಂತೆ ಕಾಲುವೆ ನೀರು ಬಿಡುವಾಗ, ಇದೇ ಕಷ್ಟ: ಪಟ್ಟಿ ಗೊಬ್ಬರ ಹಾಕು ಅಂದ ದಿನ ಕಾಲುವೆ ಬಂದ್ ಇದ್ದರೆ ಬಸಿದ ನೀರು ತಿರುಗಿ ಎಲ್ಲಿಂದ ತರುವುದು?

ಎರಡನೇ ವರ್ಷ ಮೋಸ ಹೋದೆ. ನಾಟಿಯಾಗಿ ಇಪ್ಪತ್ತು ದಿನಕ್ಕೆ ಒಂದು ಮಡಿ ಪೂರಾ ಬಿಳಿಚಿತು. ಪಟ್ಟಿ 3ಕ್ಕಿಂತ ಕೆಳಗೆ ತೋರಿಸಿತು, ಯೂರಿಯಾ ಸುರಿದೆ. ವಾರವಾದರೂ ಜಪ್ಪಯ್ಯ ಅನ್ನಲಿಲ್ಲ. ಬಗ್ಗಿ ನೋಡಿದರೆ ಕೆಳಗಿನ ಎಲೆಗಳ ಮೇಲೆ ತುಕ್ಕಿನಂಥ ಚುಕ್ಕೆ. ಸತುವಿನ ಕೊರತೆ! ಎಕರೆಗೆ 10 ಕಿಲೋ ಜಿಂಕ್ ಸಲ್ಫೇಟ್ ಹಾಕಿದ ಮೇಲೆ ಚೇತರಿಸಿತು. ಹಸಿರು ಯಾಕೆ ಇಳಿದಿದೆ ಎಂಬುದು ಪಟ್ಟಿಗೆ ತಿಳಿಯುವುದಿಲ್ಲ.

ಇಳುವರಿ ಹೆಚ್ಚಿತು ಎಂದು ಸುಳ್ಳು ಹೇಳಲಾರೆ, ಅಷ್ಟೇ ಇದೆ. ಆದರೆ ಯೂರಿಯಾ ಮೂರು ಚೀಲದೊಳಗೆ ಮುಗಿಯುತ್ತದೆ. ಪೈರು ಅತಿಯಾಗಿ ಸೊಕ್ಕದ್ದರಿಂದ ಬೆಂಕಿ ರೋಗಕ್ಕೆ, ಜಿಗಿಹುಳಕ್ಕೆ ಹೊಡೆಯುವ ಔಷಧಿಯಲ್ಲಿ ಒಂದು ಸುತ್ತು ಉಳಿಯಿತು. ಕಳೆದ ವರ್ಷದ ಗಾಳಿಮಳೆಗೆ ಪಕ್ಕದ ಬೆಳೆ ಮಲಗಿದಾಗ ನಮ್ಮದು ನಿಂತಿತ್ತು.

ಮೊದಲ ಪಟ್ಟಿಯನ್ನು ಬೈಕಿನ ಟ್ಯಾಂಕ್ ಕವರಿನಲ್ಲಿ ಬಿಸಿಲಿಗಿಟ್ಟು ಬಣ್ಣ ಮಾಸಿಸಿಕೊಂಡೆ. ಈಗಿನದು ಪಾಸ್‌ಬುಕ್ ಜೊತೆ ಟ್ರಂಕಿನಲ್ಲಿರುತ್ತದೆ.